ಚಿತ್ರಗಳಿಗೊಂದು ಸ್ವಂತ ವಿಳಾಸ

ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಲ್ಲಿ ಶುರು ಮಾಡಿದ ಚಿತ್ರಸಂತೆಯ ದಿನ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನಾಡಿನ ಮೂಲೆ ಮೂಲೆಯಿಂದ, ಹೊರ ರಾಜ್ಯಗಳಿಂದ ಬಂದ ಕಲಾವಿದರು ಫುಟ್‌ಪಾತ್‌ನ ಉದ್ದಕ್ಕೂ ಚಿತ್ರ ಹರಡಿ ಕೂತಿರುತ್ತಾರೆ. ಕೆಲವರು ಕೊಳ್ಳುತ್ತಾರೆ. ಹೆಚ್ಚಿನವರು ‘ಆಮೇಲೆ ಹೇಳ್ತೀವಿ’ ಎಂದು ವಿಸಿಟಿಂಗ್ ಕಾರ್ಡ್ ಜೇಬಿಗಿಳಿಸಿ ಮುಂದೆ ಹೋಗುತ್ತಾರೆ. ಆರು ತಿಂಗಳ ನಂತರ ಹೊಸ ಮನೆಯ ಗೋಡೆ ಖಾಲಿ ಕಂಡಾಗ ಕಾರ್ಡು ನೆನಪಾಗುತ್ತದೆ. ಅದರಲ್ಲಿ ಮೊಬೈಲ್ ನಂಬರ್ ಮಾತ್ರ ಇದ್ದರೆ, ಅಂದು ನೋಡಿದ ಚಿತ್ರ ಯಾವುದೆಂದು ಫೋನಿನಲ್ಲಿ ಹೇಗೆ ವಿವರಿಸುವುದು?

ಕೋವಿಡ್‌ನಿಂದಾಗಿ 2021ರ ಚಿತ್ರಸಂತೆ ಅಂತರ್ಜಾಲದಲ್ಲೇ ನಡೆಯಿತು. ಚಿತ್ರಗಳ ಒಳ್ಳೆಯ ಫೋಟೊ, ಅಳತೆ, ವಿವರ ಒಪ್ಪವಾಗಿ ಇಟ್ಟುಕೊಳ್ಳುವುದು ಕಲಾವಿದರ ಕೆಲಸದ ಭಾಗವೇ ಎಂಬುದು ಆಗ ಹಲವರಿಗೆ ಮನದಟ್ಟಾಯಿತು. ಇವನ್ನೆಲ್ಲ ಒಂದೆಡೆ ಇಡಲು ಸ್ವಂತ ವೆಬ್‌ಸೈಟ್ ಬೇಕು. ‘ಅದಕ್ಕೆ ಐವತ್ತು ಸಾವಿರ ಆಗುತ್ತಂತೆ’ ಎಂದು ಹಿಂಜರಿಯುವವರೇ ಹೆಚ್ಚು. ಅಷ್ಟೇನೂ ಬೇಕಿಲ್ಲ.

ಇನ್‌ಸ್ಟಾಗ್ರಾಂ ಇದೆಯಲ್ಲ?

ಇದೆ, ಇರಲಿ. ಹೊಸ ಚಿತ್ರದ ಸುದ್ದಿ ಹರಡಲು ಅದು ಒಳ್ಳೆಯದೇ. ಆದರೆ ಅಲ್ಲಿ ಇವತ್ತಿನ ಚಿತ್ರ ನಿನ್ನೆಯದನ್ನು ಕೆಳಗೆ ತಳ್ಳುತ್ತದೆ. ಐದು ವರ್ಷದ ಹಿಂದಿನ ಜಲವರ್ಣ ಸರಣಿ ನೋಡಬೇಕೆಂದು ಗ್ಯಾಲರಿಯವರು ಕೇಳಿದರೆ ಬೆರಳು ನೋಯುವಷ್ಟು ಸರಿಸಬೇಕು. ಮೇಲಾಗಿ ಅದು ಪರರ ಜಾಗ. ಆರ್ಕುಟ್ 2014ರಲ್ಲಿ ಮುಚ್ಚಿತು, ಗೂಗಲ್ ಪ್ಲಸ್ 2019ರಲ್ಲಿ. ಅವುಗಳಲ್ಲಿ ಚಿತ್ರ ಹಾಕಿದ್ದವರು ಕೊಟ್ಟಿದ್ದ ಕೊಂಡಿಗಳೆಲ್ಲ ವ್ಯರ್ಥವಾದವು.

ಖರ್ಚು ಎಲ್ಲಿ, ಎಷ್ಟು?

ಮೊದಲು ಬೇಕಾದದ್ದು ಡೊಮೈನ್, ಅಂದರೆ ವೆಬ್‌ಸೈಟಿನ ಹೆಸರು. ‘ಡಾಟ್ ಇನ್’ ಅಥವಾ ‘ಡಾಟ್ ಕಾಮ್’ ಹೆಸರಿಗೆ ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು. ಮೊದಲ ವರ್ಷ ನೂರಿನ್ನೂರಕ್ಕೆ ಕೊಟ್ಟು ನವೀಕರಣದ ಹೊತ್ತಿಗೆ ಬೆಲೆ ಏರಿಸುವುದು ಈ ವ್ಯಾಪಾರದ ರೂಢಿ. ಆದ್ದರಿಂದ ಎರಡನೇ ವರ್ಷದ ದರವನ್ನೇ ಕೇಳಿ.

ಎರಡನೆಯದು ಹೋಸ್ಟಿಂಗ್, ಅಂದರೆ ಕಡತಗಳನ್ನು ಇಡುವ ಜಾಗ. ಇಲ್ಲಿ ಸೊನ್ನೆ ಖರ್ಚಿನ ದಾರಿಗಳೂ ಇವೆ. ಗೂಗಲ್ ಸೈಟ್ಸ್‌ನಲ್ಲಿ ಕೋಡಿಂಗ್ ಗೊತ್ತಿಲ್ಲದವರೂ ಒಂದು ಮಧ್ಯಾಹ್ನದಲ್ಲಿ ಪುಟಗಳನ್ನು ಜೋಡಿಸಬಹುದು. ತಂತ್ರಜ್ಞಾನ ಬಲ್ಲ ಮಗಳೋ ಸೋದರಳಿಯನೋ ಇದ್ದರೆ ಗಿಟ್‌ಹಬ್ ಪೇಜಸ್ ಸಾಕು. ಅಲ್ಲಿ ಒಂದು ಸೈಟ್‌ಗೆ 1 ಜಿಬಿ ಜಾಗ ಉಚಿತ. ಎರಡಕ್ಕೂ ನಿಮ್ಮದೇ ಡೊಮೈನ್ ಜೋಡಿಸಬಹುದು. ಆಗಾಗ ಲೇಖನ, ಪ್ರದರ್ಶನದ ಸುದ್ದಿ ಹಾಕುವವರಿಗೆ ವರ್ಡ್‌ಪ್ರೆಸ್ ಅನುಕೂಲ. ಚಿತ್ರಸಂತೆ ಹುಟ್ಟಿದ ವರ್ಷವೇ ಬಂದ ಈ ತಂತ್ರಾಂಶ ಉಚಿತ. ಅದನ್ನು ನಡೆಸುವ ಹೋಸ್ಟಿಂಗ್‌ಗೆ ಮಾತ್ರ ವರ್ಷಕ್ಕೆ ಕೆಲವು ಸಾವಿರ ತೆರಬೇಕು. ಮೊಬೈಲ್ ಕಂಪನಿ ಬದಲಿಸಿದರೂ ನಂಬರ್ ಅದೇ ಉಳಿಯುವ ಹಾಗೆ, ಹೋಸ್ಟಿಂಗ್ ಎಷ್ಟು ಸಲ ಬದಲಿಸಿದರೂ ಡೊಮೈನ್ ನಿಮ್ಮ ಬಳಿಯೇ ಇರುತ್ತದೆ.

ಸುರಕ್ಷತೆಯ ಎಸ್‌ಎಸ್‌ಎಲ್ ಪ್ರಮಾಣಪತ್ರಕ್ಕೆ ಯಾರಾದರೂ ಪ್ರತ್ಯೇಕ ಹಣ ಕೇಳಿದರೆ, ‘ಲೆಟ್ಸ್ ಎನ್‌ಕ್ರಿಪ್ಟ್ ಹಾಕಿಕೊಡಿ’ ಎನ್ನಿ. ಅದು ಉಚಿತ. ‘ಅನ್‌ಲಿಮಿಟೆಡ್’ ಪ್ಲಾನ್‌ಗಳ ಆಮಿಷಕ್ಕೂ ಬೀಳಬೇಡಿ. ಒಂದು ಚಿತ್ರಕ್ಕೆ 400 ಕೆಬಿ ಹಿಡಿದರೂ ನೂರು ಚಿತ್ರ ಸೇರಿ 40 ಎಂಬಿ ಅಷ್ಟೇ.

ಬೆಳಕಿನ ಕೆಲಸ

ಸೈಟ್ ಎಷ್ಟೇ ಚೆನ್ನಾಗಿರಲಿ, ಫೋಟೊ ಕೆಟ್ಟರೆ ಎಲ್ಲ ಕೆಟ್ಟ ಹಾಗೆ. ಇವತ್ತಿನ ಸಾಮಾನ್ಯ ಫೋನ್ ಸಾಕು. ಬೆಳಕು ಮಾತ್ರ ಸರಿ ಇರಬೇಕು. ಮೋಡ ಕವಿದ ದಿನದ ಪಡಸಾಲೆಗಿಂತ ಒಳ್ಳೆಯ ಸ್ಟುಡಿಯೊ ಇಲ್ಲ. ಚೌಕಟ್ಟಿನ ಗಾಜು ತೆಗೆದು, ಚಿತ್ರವನ್ನು ನೇರವಾಗಿ ನಿಲ್ಲಿಸಿ, ಫೋನನ್ನು ಅದರ ನಡುಮಟ್ಟಕ್ಕೆ ಸಮಾನಾಂತರವಾಗಿ ಹಿಡಿಯಿರಿ. ತೀರ ಹತ್ತಿರ ಹೋದರೆ ಅಂಚುಗಳು ಬಾಗುತ್ತವೆ. ಎರಡು ಹೆಜ್ಜೆ ಹಿಂದೆ ಸರಿದು ತುಸು ಝೂಮ್ ಮಾಡಿ.

ಮೈಸೂರು ಶೈಲಿಯ ಚಿತ್ರಗಳನ್ನು ಸೆರೆಹಿಡಿಯುವುದು ಇನ್ನೂ ನಾಜೂಕಿನ ಕೆಲಸ. ಗೆಸ್ಸೊ ಉಬ್ಬಿನ ಮೇಲೆ ಅಂಟಿಸಿದ ಚಿನ್ನದ ರೇಕು ಫ್ಲ್ಯಾಶ್ ಬಿದ್ದರೆ ಬಿಳಿ ಕಲೆಯಾಗುತ್ತದೆ, ಬೆಳಕು ಸಾಲದಿದ್ದರೆ ಕಪ್ಪಿಡುತ್ತದೆ. ಒಂದು ಬದಿಯ ಕಿಟಕಿಯಿಂದ ಬೆಳಕು ಬರಲಿ. ಎದುರು ಬದಿಗೆ ಬಿಳಿ ಥರ್ಮೊಕೋಲ್ ಹಲಗೆ ನಿಲ್ಲಿಸಿ. ಆಗ ದೇವಿಯ ಕಿರೀಟದ ಕುಸುರಿ ಚಿನ್ನದ ಬಣ್ಣದಲ್ಲೇ ಕಾಣುತ್ತದೆ. ಇಡೀ ಚಿತ್ರದ ಜೊತೆಗೆ ಗೆಸ್ಸೊ ಕೆಲಸದ ಒಂದು ಹತ್ತಿರದ ನೋಟವನ್ನೂ ಹಾಕಿ. ಕೊಳ್ಳುವವರು ಅದನ್ನೇ ಹುಡುಕುತ್ತಾರೆ.

ಪ್ರತಿ ಚಿತ್ರದ ಕೆಳಗೆ ಒಂದೇ ಸಾಲು ಸಾಕು: ‘ಶ್ರೀರಂಗಪಟ್ಟಣದ ಸ್ನಾನಘಟ್ಟ, 2024, ಕಾಗದದ ಮೇಲೆ ಜಲವರ್ಣ, 38 x 56 ಸೆಂ.ಮೀ., ಲಭ್ಯ’. ಮಾರಾಟವಾದ ಚಿತ್ರವನ್ನೂ ತೆಗೆಯಬೇಡಿ, ‘ಮಾರಾಟವಾಗಿದೆ’ ಎಂದು ಬರೆಯಿರಿ. ಅದು ಕಲಾವಿದರ ಬೆಳವಣಿಗೆಯ ದಾಖಲೆ, ಕೊಳ್ಳುವವರಿಗೆ ಭರವಸೆ.

ಕದ್ದರೆ ಏನು ಗತಿ?

ಚಿತ್ರದ ಎದೆಯ ಮೇಲೆ ಹೆಸರಿನ ವಾಟರ್‌ಮಾರ್ಕ್ ಬಳಿಯುವುದು ನಿಮ್ಮ ಕೆಲಸವನ್ನು ನೀವೇ ಕೆಡಿಸಿದಂತೆ. ಉದ್ದದ ಬದಿ 1600 ಪಿಕ್ಸೆಲ್ ಮೀರದ ಹಾಗೆ ಹಾಕಿ. ಪರದೆಯ ಮೇಲೆ ಚೆನ್ನಾಗಿ ಕಾಣುತ್ತದೆ. ಅಚ್ಚುಮನೆಗೆ ಒಯ್ದರೆ ಒಳ್ಳೆಯ ಗುಣಮಟ್ಟದಲ್ಲಿ ಐದೂ ಚಿಲ್ಲರೆ ಇಂಚು ಮೀರುವುದಿಲ್ಲ.

ಕಾನೂನೂ ಬೆನ್ನಿಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಚಿತ್ರ ಮಾರಿದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಬರಹದಲ್ಲಿ ವರ್ಗಾಯಿಸದ ಹೊರತು ಅದು ಕಲಾವಿದರದೇ, ಅವರ ಕಾಲಾನಂತರ 60 ವರ್ಷದವರೆಗೂ. ಆದರೆ ಹಣ ಪಡೆದು ಇನ್ನೊಬ್ಬರಿಗಾಗಿ ಬರೆದುಕೊಟ್ಟ ಭಾವಚಿತ್ರದ ಮೊದಲ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರದು. ಅಂಥದ್ದನ್ನು ಸೈಟಿಗೆ ಏರಿಸುವ ಮುನ್ನ ಅವರ ಒಪ್ಪಿಗೆ ಪಡೆಯಿರಿ.

ಆರಂಭಕ್ಕೆ ಆನ್‌ಲೈನ್ ಅಂಗಡಿಯ ಗೊಡವೆ ಬೇಡ. ಇ-ಮೇಲ್, ವಾಟ್ಸ್‌ಆ್ಯಪ್ ನಂಬರ್ ಇದ್ದರೆ ಮಾತುಕತೆ ನಡೆಯುತ್ತದೆ, ಹಣಕ್ಕೆ ಯುಪಿಐ ಇದೆ. ಮನೆಯಲ್ಲಿರುವ ಇನ್ನೂರು ಚಿತ್ರಗಳನ್ನೂ ಒಮ್ಮೆಲೇ ಹಾಕಲು ಹೋಗದೆ ಹನ್ನೆರಡನ್ನು ಆರಿಸಿ ಶುರು ಮಾಡಿ. ಒಂದು ಎಚ್ಚರ ಮಾತ್ರ ತಪ್ಪದಿರಲಿ: ಸೈಟ್ ಯಾರೇ ಮಾಡಿಕೊಡಲಿ, ಡೊಮೈನ್ ನಿಮ್ಮ ಹೆಸರಿನಲ್ಲಿ, ನಿಮ್ಮ ಇ-ಮೇಲ್‌ಗೆ ನೋಂದಣಿಯಾಗಬೇಕು, ಪಾಸ್‌ವರ್ಡ್ ನಿಮ್ಮ ಕೈಯಲ್ಲಿರಬೇಕು.