ನದಿಯ ಸಹನೆಗೂ ಲೆಕ್ಕವಿದೆ

ಹರಿಯುವ ನೀರಿಗೆ ಮೈಲಿಗೆಯಿಲ್ಲವೆಂಬ ನಂಬಿಕೆಯಲ್ಲಿ ಅರ್ಧಸತ್ಯವಿದೆ. ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಬಳಸಿ ಸೂಕ್ಷ್ಮಜೀವಿಗಳು ಸಾವಯವ ಕೊಳೆಯನ್ನು ಜೀರ್ಣಿಸುತ್ತವೆ. ಆ ವೆಚ್ಚವನ್ನು ನದಿ ಗಾಳಿಯಿಂದ ತುಂಬಿಕೊಳ್ಳುತ್ತದೆ. ಈ ಆಯವ್ಯಯವನ್ನು ಸ್ಟ್ರೀಟರ್ ಮತ್ತು ಫೆಲ್ಪ್ಸ್ ಅಮೆರಿಕದ ಓಹಿಯೊ ನದಿಯ ಅಧ್ಯಯನದಿಂದ 1925ರಲ್ಲಿಯೇ ಸೂತ್ರಕ್ಕಿಳಿಸಿದರು. ವ್ಯಯ ಮಿತಿಮೀರಿದಾಗ ಮೊದಲು ಬಲಿಯಾಗುವುದು ಮೀನುಗಳು.

ನಮ್ಮ ಸಾಮಾನ್ಯ ಮಾನದಂಡವು ಈ ಲೆಕ್ಕವನ್ನು ಅರ್ಧಕ್ಕೇ ನಿಲ್ಲಿಸಿದೆ. ತ್ಯಾಜ್ಯವು ಎಷ್ಟು ಆಮ್ಲಜನಕವನ್ನು ಹೀರುತ್ತದೆಂಬುದರ ಅಳತೆ ಬಿಒಡಿ. ಒಳನಾಡಿನ ಜಲಮೂಲಗಳಿಗೆ ಬಿಡುವ ಕೈಗಾರಿಕಾ ತ್ಯಾಜ್ಯನೀರಿನಲ್ಲಿ ಅದು ಲೀಟರಿಗೆ 30 ಮಿಲಿಗ್ರಾಂವರೆಗೆ ಇರಬಹುದು. ಸ್ನಾನಯೋಗ್ಯ ನದಿಯಲ್ಲಿ ಮಿತಿ 3. ಒಂದು ಪಾಲು ತ್ಯಾಜ್ಯಕ್ಕೆ ಒಂಬತ್ತು ಪಾಲು ನಿರ್ಮಲ ನೀರು ಬೆರೆತರೆ ಮಾತ್ರ 30 ಎಂಬುದು 3ಕ್ಕೆ ಇಳಿಯುತ್ತದೆ. ಬೇಸಿಗೆಯಲ್ಲಿ ಬಹುಪಾಲು ಕೊಳಚೆಯನ್ನೇ ಹೊತ್ತು, ಅರ್ಕಾವತಿಯ ಮೂಲಕ ಕಾವೇರಿಯನ್ನು ಸೇರುವ ಬೆಂಗಳೂರಿನ ವೃಷಭಾವತಿಗೆ ಆ ಒಂಬತ್ತು ಪಾಲು ಎಲ್ಲಿಂದ ಬರಬೇಕು? ಪ್ರತಿಯೊಂದು ಕಾರ್ಖಾನೆಯೂ ಮಿತಿಯೊಳಗಿದ್ದು, ನದಿ ಸಾಯಬಹುದು.

ಆದ್ದರಿಂದ ಬೇಸಿಗೆಯ ಕನಿಷ್ಠ ಹರಿವನ್ನು ಅಳೆದು, ನದಿಗೆ ದಿನವೊಂದಕ್ಕೆ ಸೇರಬಹುದಾದ ಒಟ್ಟು ಹೊರೆಯನ್ನು ಕಿಲೋಗ್ರಾಂಗಳಲ್ಲಿ ನಿಗದಿಪಡಿಸಿ, ಬಳಿಕವೇ ಅನುಮತಿ ಹಂಚಬೇಕು. ಸೀಸ, ಕ್ರೋಮಿಯಂಗಳಿಗೆ ಈ ರಿಯಾಯಿತಿಯೂ ಸಲ್ಲದು. ಅವು ಕೊಳೆಯುವುದಿಲ್ಲ, ಹೂಳಿನಲ್ಲಿ ಉಳಿಯುತ್ತವೆ. ಬತ್ತಿದ ನದಿಯ ಧಾರಣಶಕ್ತಿ ಸೊನ್ನೆಯೆಂದು ಕಡತದಲ್ಲಿ ಬರೆಯುವ ಧೈರ್ಯ ಆಡಳಿತಕ್ಕೆ ಬರಬೇಕು.