ಹಳೆಯ ಯೆಜ್ಡಿ: ವೇಗವೋ, ಬಾಳಿಕೆಯೋ?

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಕೊಚ್ಚಿ, ತಿರುವನಂತಪುರಗಳಲ್ಲಿ ನೆಲೆಸಿದ ಕನ್ನಡಿಗನಿಗೆ ಅಲ್ಲಿ ತಯಾರಾದ ಯೆಜ್ಡಿ ಬೈಕು ತವರಿನ ಆಸ್ತಿಯೇ ಸರಿ. ಎಂಜಿನ್ ಬಿಚ್ಚಿಸಿದಾಗ, ಹೆಡ್ಡನ್ನು ಲೇತಿನಲ್ಲಿ ಕಡೆಸಿ ಕಂಪ್ರೆಷನ್ ಏರಿಸುವ ಆಸೆ ಸಹಜ; ಆದರೆ ಬ್ರೇಕು ಹಳೆಯ ಡ್ರಮ್ಮೇ ಅಲ್ಲವೆ? ಹಣ ಮೊದಲು ಸಲ್ಲಬೇಕಾದುದು ಕ್ರ್ಯಾಂಕಿನ ಸೀಲು, ಬೇರಿಂಗುಗಳಿಗೆ. ಪೆಟ್ರೋಲಿನಲ್ಲೇ ಎಣ್ಣೆ ಬೆರೆಸುವ ಈ ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಸೀಲು ಸವೆದರೆ ಹೊರಗಾಳಿ ನುಗ್ಗಿ, ಎಣ್ಣೆಯ ಪಾಲು ತಗ್ಗಿ, ಪಿಸ್ಟನ್ ಕಾದು ಸಿಲಿಂಡರನ್ನು ಕಚ್ಚುತ್ತದೆ. ಹಿಂಚಕ್ರ ಥಟ್ಟನೆ ನಿಂತರೆ ಮಳೆಗಾಲದ ರಸ್ತೆಯಲ್ಲಿ ಸವಾರನ ಪ್ರಾಣಕ್ಕೇ ಸಂಚಕಾರ. ಎಥೆನಾಲ್ ಬೆರೆತ ಇಂದಿನ ಪೆಟ್ರೋಲನ್ನು ತಾಳುವ ಸೀಲನ್ನೇ ಕೇಳಿ ಪಡೆಯಬೇಕು. ಉಳಿದ ಹಣಕ್ಕೆ, 6 ವೋಲ್ಟಿನ ಪಾಯಿಂಟಿನ ಬದಲು 12 ವೋಲ್ಟಿನ ಎಲೆಕ್ಟ್ರಾನಿಕ್ ಇಗ್ನಿಷನ್ ಸಾರ್ಥಕವಾದ ವೆಚ್ಚ: ಕಿಡಿ ಸ್ಥಿರ, ದೀಪವೂ ಪ್ರಖರ.