ಪರಿಮಳವೂ ಬಾಣಂತಿಯ ಮನಸ್ಸೂ

ಮಗು ಹುಟ್ಟಿದ ಮನೆಯಲ್ಲಿ ಸಂತೋಷ ತುಂಬಿರುವುದು ಸಹಜ. ಆದರೆ ಹೆರಿಗೆಯಾದ ಮೂರನೆಯ ಅಥವಾ ನಾಲ್ಕನೆಯ ದಿನ ಬಾಣಂತಿಯು ಕಾರಣವೇ ಇಲ್ಲದೆ ಕಣ್ಣೀರಿಡುವುದುಂಟು. ಹಿರಿಯರು ಅದನ್ನು ಆಯಾಸವೆಂದೋ ದೃಷ್ಟಿದೋಷವೆಂದೋ ಬಗೆಯುತ್ತಾರೆ. ಇಂತಹ ಬೇಸರವನ್ನು ಸುಗಂಧತೈಲಗಳ ಪರಿಮಳದಿಂದ ಕಳೆಯಬಹುದೆಂಬ ಮಾತು ಈಗ ಪ್ರಚಾರದಲ್ಲಿದೆ. ಇದರಲ್ಲಿ ಸತ್ಯವೆಷ್ಟು ಎಂಬುದನ್ನು ಪರಿಶೀಲಿಸೋಣ.

ಮೊದಲು ಬೇಸರದ ಮೂಲವನ್ನು ನೋಡೋಣ. ಗರ್ಭಿಣಿಯ ರಕ್ತದಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟರೋನ್ ಎಂಬ ಹಾರ್ಮೋನುಗಳು ಹೇರಳವಾಗಿರುತ್ತವೆ. ಅವುಗಳನ್ನು ತಯಾರಿಸುವುದು ಮುಖ್ಯವಾಗಿ ಮಾಸು. ಹೆರಿಗೆಯಾಗಿ ಮಾಸು ಹೊರಬಿದ್ದೊಡನೆ ಕೆಲವೇ ದಿನಗಳಲ್ಲಿ ಅವುಗಳ ಪ್ರಮಾಣ ಕುಸಿಯುತ್ತದೆ. ನೋವೂ ನಿದ್ರೆಗೇಡೂ ಇದರೊಡನೆ ಸೇರುತ್ತವೆ. ಅರ್ಧಕ್ಕಿಂತ ಹೆಚ್ಚು ತಾಯಂದಿರಲ್ಲಿ ತೋರುವ ಈ ಅಳು ಎರಡು ವಾರಗಳೊಳಗೆ ತಾನಾಗಿ ಅಡಗುತ್ತದೆ. ಹಾಗೆ ಅಡಗದೆ ಬೇಸರ ಗಟ್ಟಿಗೊಂಡರೆ ಅದು ಪ್ರಸವೋತ್ತರ ಖಿನ್ನತೆಯೆಂಬ ಕಾಯಿಲೆ. ಹತ್ತು ಮಂದಿ ತಾಯಂದಿರಲ್ಲಿ ಒಬ್ಬರಿಗಾದರೂ ಅದು ಬರುತ್ತದೆ.

ಇನ್ನು ಪರಿಮಳದ ವಿಚಾರ. ಮೂಗಿನ ಮೇಲ್ಭಾಗದ ಪೊರೆಯಲ್ಲಿ ವಾಸನೆಯ ಕಣಗಳನ್ನು ಹಿಡಿಯುವ ಗ್ರಾಹಕಗಳಿವೆ. ಮನುಷ್ಯನಲ್ಲಿ ಇವು ಸುಮಾರು 400 ಬಗೆ. ಈ ಗ್ರಾಹಕಗಳ ಕುಟುಂಬವನ್ನು 1991ರಲ್ಲಿ ಕಂಡುಹಿಡಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ವಾಸನೆಯ ಸಂದೇಶವು ಮಿದುಳಿನಲ್ಲಿ ಭಾವನೆಗಳಿಗೆ ಸಂಬಂಧಿಸಿದ ಭಾಗವನ್ನು ಬಹುಮಟ್ಟಿಗೆ ನೇರವಾಗಿಯೇ ಮುಟ್ಟುತ್ತದೆ. ಒಂದು ವಾಸನೆಯಿಂದ ಹಳೆಯ ದಿನಗಳು ಥಟ್ಟನೆ ನೆನಪಾಗುವುದು ಇದರಿಂದಲೇ.

ಫ್ರಾನ್ಸಿನ ರಸಾಯನಶಾಸ್ತ್ರಜ್ಞ ರೆನೆ ಮಾರಿಸ್ ಗಾಟ್‌ಫೋಸೆ 1937ರಲ್ಲಿ ಪ್ರಕಟಿಸಿದ ಗ್ರಂಥದಿಂದ 'ಅರೋಮಾಥೆರಪಿ' ಎಂಬ ಹೆಸರು ಪ್ರಸಿದ್ಧಿಗೆ ಬಂದಿತು. ಲ್ಯಾವೆಂಡರ್ ತೈಲದ ಮುಖ್ಯ ಘಟಕಗಳಲ್ಲಿ ಲಿನಲೂಲ್ ಒಂದು. 2018ರಲ್ಲಿ ಜಪಾನಿನ ಕಾಗೋಷಿಮ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅದರ ವಾಸನೆಯನ್ನು ಸುಂಡಿಲಿಗಳಿಗೆ ತೋರಿಸಿದಾಗ ಅವುಗಳ ಅಂಜಿಕೆ ತಗ್ಗಿತು. ಘ್ರಾಣಶಕ್ತಿ ಕಳೆದುಕೊಂಡ ಇಲಿಗಳಲ್ಲಿ ಈ ಪರಿಣಾಮ ಕಾಣಲಿಲ್ಲ. ಎಂದರೆ ವಾಸನೆಯೇ ಕೆಲಸ ಮಾಡಿತ್ತು.

ಆದರೆ ಇಲಿ ಬಾಣಂತಿಯಲ್ಲ. ತಾಯಂದಿರ ಮೇಲೆ ನಡೆದ ಪರೀಕ್ಷೆಗಳು ಚಿಕ್ಕವು. ಕೆಲವುಗಳಲ್ಲಿ ಆತಂಕವೂ ಬೇಸರವೂ ಸ್ವಲ್ಪ ಇಳಿದುದು ಕಂಡುಬಂದಿದೆ. ಇಲ್ಲಿ ಒಂದು ತೊಡಕುಂಟು. ಹೊಸ ಮಾತ್ರೆಯನ್ನು ಪರೀಕ್ಷಿಸುವಾಗ ನೋಡಲು ಅದರಂತೆಯೇ ಇರುವ ಹುಸಿಮಾತ್ರೆಯನ್ನು ಕೊಟ್ಟು ಹೋಲಿಸಬಹುದು. ಪರಿಮಳವನ್ನು ಮರೆಮಾಡುವ ಬಗೆ ಹೇಗೆ? ತೈಲ ಸಿಕ್ಕಿತೆಂದು ತಿಳಿದವಳಿಗೆ ಆ ನಂಬಿಕೆಯಿಂದಲೂ ನೆಮ್ಮದಿಯಾಗಬಹುದು. ತೈಲ ತಿಕ್ಕಿದ ಕೈಯ ಆರೈಕೆಗೂ ಅದರಲ್ಲಿ ಪಾಲಿರಬಹುದು.

ಎಚ್ಚರಿಕೆಯೂ ಅಗತ್ಯ. ಕರ್ಪೂರ ಕೂಸಿಗೆ ವಿಷ. ಪುದೀನದ ಮೆಂಥಾಲ್ ಎಳೆಯ ಮಗುವಿನ ಉಸಿರನ್ನು ಕಟ್ಟಿಸಬಲ್ಲದು. ನಮ್ಮ ಬಾಣಂತಿಕೋಣೆಗಳ ಸಾಂಬ್ರಾಣಿ ಹಿತವಾದ ವಾಸನೆ ಬೀರಿದರೂ ಹೊಗೆ ಹೊಗೆಯೇ. ಎಳೆಯ ಶ್ವಾಸಕೋಶಕ್ಕೆ ಅದು ಒಳ್ಳೆಯದಲ್ಲ.

ಹಾಗಾದರೆ ಮಾಡಬೇಕಾದುದೇನು? ಪರಿಮಳವು ಹಿತವೆನಿಸಿದರೆ ಮಗುವಿನಿಂದ ದೂರದಲ್ಲಿ, ಮಿತವಾಗಿ ಬಳಸಬಹುದು. ಆದರೆ ಅದು ಖಿನ್ನತೆಗೆ ಮದ್ದಲ್ಲ. 1987ರಲ್ಲಿ ಎಡಿನ್‌ಬರೋದಲ್ಲಿ ರೂಪುಗೊಂಡ ಹತ್ತು ಪ್ರಶ್ನೆಗಳ ಪಟ್ಟಿಯಿಂದ ಈ ಕಾಯಿಲೆಯ ಸುಳಿವನ್ನು ಕೆಲವೇ ನಿಮಿಷಗಳಲ್ಲಿ ಹಿಡಿಯಬಹುದು. ಮಾತಿನ ಚಿಕಿತ್ಸೆಯಿಂದಲೂ ಔಷಧಿಗಳಿಂದಲೂ ಇದು ಗುಣವಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮಗು ಇಬ್ಬರನ್ನೂ ಜೊತೆಯಲ್ಲಿಟ್ಟೇ ಚಿಕಿತ್ಸೆ ನೀಡುವ ವಿಭಾಗವಿದೆ.

ಹೆರಿಗೆಗೆಂದು ತವರಿಗೆ ಬಂದ ಅಕ್ಕನೋ ಅತ್ತಿಗೆಯೋ ಎರಡು ವಾರ ಕಳೆದರೂ ಮಂಕಾಗಿಯೇ ಇದ್ದರೆ, ಮಗುವಿನ ಮೇಲೆ ಅಕ್ಕರೆ ಮೂಡುತ್ತಿಲ್ಲವೆಂದರೆ, ಬದುಕೇ ಬೇಡವೆಂದರೆ, ತೈಲದ ಸೀಸೆಯನ್ನು ಹುಡುಕುತ್ತ ಕೂರಬಾರದು. ಸಾಯುವ ಮಾತನ್ನು ಆಡಿದರಂತೂ ಎರಡು ವಾರ ಕಾಯಲೂ ಬಾರದು. ಅಂದೇ ವೈದ್ಯರ ಬಳಿಗೆ ಕರೆದೊಯ್ಯಬೇಕು. ಇದನ್ನು ಮೊದಲು ಗಮನಿಸುವವರು ಮನೆಯ ಕಿರಿಯರಾದ ನೀವೇ ಆಗಿರಬಹುದು.